ಊರಿನ ಲೇಖನವನ್ನು ಮತ್ತೊಬ್ಬ ಬರಹಗಾರರೂ ಓದಲಿ

ಮಾನ್ಯ ಸಂಪಾದಕರೇ,

ತಮ್ಮ ಊರಿನ ಗುಡಿ, ಕೆರೆ, ಕಸುಬು, ಹಿರಿಯರ ಕುರಿತು ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯಬೇಕೆಂದು ಕಾಲೇಜು ವಿದ್ಯಾರ್ಥಿಗಳಿಗೆ ಹೇಳುವ ಮಾತು ಈಚೆಗೆ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಮಾತು ಸರಿಯಾದದ್ದೇ. ಆದರೆ ಬರೆಯಿರಿ ಎಂದು ಹುರಿದುಂಬಿಸುವವರಿಗೆ ಬರೆದದ್ದನ್ನು ಕುಳಿತು ಓದುವ ತಾಳ್ಮೆ ಇದ್ದಂತಿಲ್ಲ. ವಿದ್ಯಾರ್ಥಿಯೊಬ್ಬ ಲೇಖನ ಪ್ರಕಟಿಸಿ ಅದರ ಕೊಂಡಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರೆ ಹತ್ತಾರು ಹೆಬ್ಬೆರಳುಗಳು, ಎರಡು ಕೈಮುಗಿತ, ‘ಭಾಳ ಛಲೋ ಬರದೀರಿ’ ಎಂಬ ಒಂದು ಸಾಲು ಬರುತ್ತವೆ. ಲೇಖನದ ಮೂರನೆಯ ಪ್ಯಾರಾದಲ್ಲಿರುವ ಇಸವಿ ತಪ್ಪಾಗಿದೆಯೆಂದು ಹೇಳುವ ಒಂದು ಸಾಲು ಬರುವುದಿಲ್ಲ. ಬರವಣಿಗೆಯಲ್ಲಿ ಪಳಗಿದ ಮತ್ತೊಬ್ಬರು ಲೇಖನವನ್ನು ಪ್ರಕಟಣೆಗೆ ಮೊದಲೇ, ಇಲ್ಲವೇ ಪ್ರಕಟವಾದ ಕೂಡಲೇ, ಸಾಲುಸಾಲಾಗಿ ಓದಿ ತಮ್ಮ ಸಂದೇಹಗಳನ್ನು ಬರಹದಲ್ಲೇ ದಾಖಲಿಸುವ ಪದ್ಧತಿ ನಮ್ಮ ಭಾಗದಲ್ಲಿ ಬೇರೂರಬೇಕೆಂದು ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಗದಗ, ಹುಬ್ಬಳ್ಳಿ ಮತ್ತು ಬ್ಯಾಡಗಿಯ ನಾವು ಕೆಲವರು ಗೆಳೆಯರು ಒಬ್ಬರ ಲೇಖನವನ್ನು ಇನ್ನೊಬ್ಬರು ಹೀಗೆ ಓದುತ್ತ ಬಂದಿದ್ದೇವೆ. ಮುಂದೆ ಕೊಡುವ ಉದಾಹರಣೆಗಳು ಆ ಓದಿನಲ್ಲಿ ಸಿಕ್ಕವು, ಬರೆದವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬುದು ಎಲ್ಲರಿಗೂ ಗೊತ್ತು. ಪ್ರತಿ ಲೇಖನದ ಬೆನ್ನಿಗೆ ‘ಚರ್ಚೆ’ ಎಂಬ ಪುಟವೊಂದು ಇರುತ್ತದೆ, ‘ಇತಿಹಾಸ’ ಎಂಬಲ್ಲಿ ಒತ್ತಿದರೆ ಯಾರು ಯಾವ ದಿನ ಯಾವ ಅಕ್ಷರ ಬದಲಿಸಿದರು ಎಂಬುದೆಲ್ಲ ಕಾಣುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಇಂಗ್ಲಿಷ್ ಆವೃತ್ತಿಯಲ್ಲಿ ಈ ಚರ್ಚೆಯೇ ಒಂದು ಶಿಸ್ತಾಗಿ ಬೆಳೆದಿದೆ. ಲೇಖಕರು ತಮ್ಮ ಲೇಖನವನ್ನು ಸಹಬರಹಗಾರರ ಓದಿಗೆ ಒಡ್ಡಿ ಸಲಹೆ ಕೇಳಬಹುದು. ‘ಉತ್ತಮ ಲೇಖನ’ವೆಂಬ ಮನ್ನಣೆ ಬೇಕಿದ್ದರೆ ಆ ಲೇಖನಕ್ಕೆ ಹೆಚ್ಚು ಕೈಹಾಕಿರದ ಬೇರೊಬ್ಬರು ಅದನ್ನು ಪರಿಶೀಲಿಸಬೇಕು: ಬರಹ ತಿಳಿಯಾಗಿದೆಯೇ, ಹೇಳಿದ್ದಕ್ಕೆ ಆಧಾರವಿದೆಯೇ, ವಿಷಯದ ಮುಖ್ಯ ಭಾಗಗಳೆಲ್ಲ ಬಂದಿವೆಯೇ, ನಿಲುವು ಪಕ್ಷಪಾತವಿಲ್ಲದ್ದೇ ಎಂದು ನೋಡಬೇಕು, ಕೊರತೆ ಕಂಡರೆ ಸಾಮಾನ್ಯವಾಗಿ ಒಂದು ವಾರದ ಗಡುವು ಕೊಟ್ಟು ತಿದ್ದಿಸಬೇಕು. ಅದಕ್ಕೂ ಮೇಲಿನ ‘ವಿಶೇಷ ಲೇಖನ’ದ ಮನ್ನಣೆಗೆ ಹಲವರ ಪರೀಕ್ಷೆ ದಾಟಬೇಕು; ಅಲ್ಲಿನ ಲಕ್ಷಾಂತರ ಲೇಖನಗಳಲ್ಲಿ ಆ ಮಟ್ಟ ಮುಟ್ಟಿದವು ಹೆಚ್ಚುಕಡಿಮೆ ಸಾವಿರಕ್ಕೊಂದು. ಕನ್ನಡದಲ್ಲಿ ನಿರಂತರವಾಗಿ ಬರೆಯುವ ಕೈಗಳೇ ಕಡಿಮೆ ಇರುವುದರಿಂದ ಅಷ್ಟು ದೊಡ್ಡ ಏರ್ಪಾಡನ್ನು ನಾನು ಕೇಳುತ್ತಿಲ್ಲ. ಆದರೆ ಚರ್ಚೆ ಪುಟ ನಮ್ಮಲ್ಲೂ ಇದೆ. ನಮ್ಮ ಮೂರು ಜಿಲ್ಲೆಗಳ ಎಷ್ಟೋ ಲೇಖನಗಳ ಚರ್ಚೆ ಪುಟವನ್ನು ತೆರೆದು ನೋಡಿದರೆ ಅಲ್ಲಿ ಒಂದಕ್ಷರವೂ ಇರುವುದಿಲ್ಲ.

ಇಂಥ ಓದಿನಿಂದ ಆಗುವ ಲಾಭವೇನು ಎಂಬುದಕ್ಕೆ ಲಕ್ಕುಂಡಿಯನ್ನೇ ತೆಗೆದುಕೊಳ್ಳೋಣ. ಗದಗಿನಿಂದ ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲಿರುವ ಈ ಊರಿನ ಬ್ರಹ್ಮ ಜಿನಾಲಯದ ಕುರಿತು ನಮ್ಮ ಗುಂಪಿನ ಯುವ ಗೆಳೆಯರೊಬ್ಬರು ಕರಡೊಂದನ್ನು ಸಿದ್ಧಪಡಿಸಿದ್ದರು. ಬಸದಿಯನ್ನು ದಾನಚಿಂತಾಮಣಿ ಅತ್ತಿಮಬ್ಬೆ ಕ್ರಿ.ಶ. 929ರಲ್ಲಿ ಕಟ್ಟಿಸಿದಳು ಎಂದು ಅದರಲ್ಲಿತ್ತು. ವಾಕ್ಯ ಸ್ಪಷ್ಟವಾಗಿತ್ತು, ವ್ಯಾಕರಣ ಶುದ್ಧವಾಗಿತ್ತು, ಅಡಿಯಲ್ಲಿ ಪುಸ್ತಕವೊಂದರ ಹೆಸರೂ ಇತ್ತು. ಕರಡನ್ನು ಓದಿದ ಇನ್ನೊಬ್ಬ ಗೆಳೆಯರು ಅಂಚಿನಲ್ಲಿ ಬರೆದದ್ದು ಇಷ್ಟೇ: “ಇದು ಕ್ರಿಸ್ತಶಕವೋ, ಶಾಲಿವಾಹನ ಶಕವೋ?” ಪುಸ್ತಕವನ್ನು ಮತ್ತೆ ತೆಗೆದು ನೋಡಿದಾಗ ಅಲ್ಲಿದ್ದದ್ದು ಶಕವರ್ಷ 929, ಅಂದರೆ 78 ಕೂಡಿಸಿದರೆ ಕ್ರಿ.ಶ. 1007. ಇದನ್ನು ಸಣ್ಣ ತಪ್ಪೆಂದು ತಳ್ಳಿಹಾಕುವಂತಿಲ್ಲ. ಕ್ರಿ.ಶ. 929 ಎಂದರೆ ರಾಷ್ಟ್ರಕೂಟರ ಕಾಲ. 1007 ಎಂದರೆ ಕಲ್ಯಾಣದ ಚಾಲುಕ್ಯರಲ್ಲಿ ಸತ್ಯಾಶ್ರಯ ಆಳುತ್ತಿದ್ದ ಕಾಲ. ಒಂದು ಇಸವಿ ತಪ್ಪಿದ್ದರಿಂದ ಬಸದಿ ಬೇರೆ ರಾಜವಂಶದ ಪಾಲಾಗಿತ್ತು, ಅದರ ಶಿಲ್ಪಶೈಲಿಯ ಕುರಿತು ಮುಂದಿನ ಪ್ಯಾರಾದಲ್ಲಿ ಬರೆದ ಮಾತುಗಳೆಲ್ಲ ಬುಡವಿಲ್ಲದಂತಾಗಿದ್ದವು. ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನ ಅಜಿತಪುರಾಣವನ್ನು ಮುಗಿಸಿದ್ದು 993ರಲ್ಲಿ ಎಂಬುದನ್ನು ಅದೇ ಲೇಖನ ಕೆಳಗೆ ಹೇಳುತ್ತಿತ್ತು. 929ರಲ್ಲೇ ಬಸದಿ ಕಟ್ಟಿಸಿದವಳು ಅರವತ್ತು ವರ್ಷದ ಮೇಲೆ ರನ್ನನಿಗೆ ಆಶ್ರಯ ಕೊಟ್ಟಳೇ ಎಂಬ ಸಂದೇಹ ಬರೆದವರಿಗೆ ಹೊಳೆಯಲಿಲ್ಲ, ಓದಿದವರಿಗೆ ಹೊಳೆಯಿತು. ತಾನೇ ಬರೆದ ಎರಡು ವಾಕ್ಯಗಳ ನಡುವಿನ ವಿರೋಧ ಬರೆದವರ ಕಣ್ಣಿಗೆ ಬೀಳುವುದು ಅಪರೂಪ, ಏಕೆಂದರೆ ಆ ಎರಡನ್ನೂ ಅವರು ಬೇರೆ ಬೇರೆ ದಿನ, ಬೇರೆ ಬೇರೆ ಪುಸ್ತಕ ಎದುರಿಗಿಟ್ಟುಕೊಂಡು ಬರೆದಿರುತ್ತಾರೆ.

ಅದೇ ಕರಡಿನಲ್ಲಿ ‘ಲಕ್ಕುಂಡಿಯಲ್ಲಿ 101 ಗುಡಿಗಳೂ 101 ಬಾವಿಗಳೂ ಇದ್ದವು’ ಎಂಬ ಮಾತೂ ಇತ್ತು. ನಮ್ಮ ಭಾಗದಲ್ಲಿ ಬೆಳೆದ ಯಾರಿಗಾದರೂ ಇದು ಕೇಳಿದ ಮಾತೇ. ಆದರೆ ಇದು ಜನ ಆಡುತ್ತ ಬಂದ ಮಾತು, ಯಾರೋ ಎಣಿಸಿ ಬರೆದ ಲೆಕ್ಕವಲ್ಲ. ನೂರೊಂದು ಎಂಬ ಸಂಖ್ಯೆಯೇ ಅದನ್ನು ಹೇಳುತ್ತದೆ. ಓದಿದ ಗೆಳೆಯರು ಇದನ್ನು ಅಳಿಸಿಹಾಕಿ ಎನ್ನಲಿಲ್ಲ. ‘ಇದ್ದವು’ ಎಂಬುದನ್ನು ‘ಇದ್ದವೆಂದು ಜನ ಹೇಳುತ್ತಾರೆ’ ಎಂದು ಬದಲಿಸಿ, ಈಗ ಉಳಿದಿರುವ ಮುಖ್ಯ ಗುಡಿಗಳನ್ನೂ ಮುಸುಕಿನ ಬಾವಿಯಂಥ ಬಾವಿಗಳನ್ನೂ ಹೆಸರಿಸಿ ವಿವರಿಸಿ ಎಂದರು. ಗದಗಿನ ವೀರನಾರಾಯಣ ದೇವಸ್ಥಾನದ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತವನ್ನು ಬರೆದನೆಂಬ ಪ್ರತೀತಿಯನ್ನು ಬರೆಯುವಾಗಲೂ ಇದೇ ಎಚ್ಚರ ಬೇಕು. ಪ್ರತೀತಿಯನ್ನು ಪ್ರತೀತಿಯೆಂದೇ ಬರೆದರೆ ದೇವಸ್ಥಾನಕ್ಕಾಗಲಿ ಕವಿಗಾಗಲಿ ಕುಂದೇನೂ ಇಲ್ಲ. ಹೀಗೆ ಹೇಳಿದರೆ ‘ನಿಮಗೆ ಊರಿನ ಮೇಲೆ ಅಭಿಮಾನ ಇಲ್ಲೇನು’ ಎಂದು ಕೇಳುವವರು ಇದ್ದಾರೆಂಬುದನ್ನು ಬಲ್ಲೆ.

ಹಳೆಯ ಪುಸ್ತಕಗಳಿಂದ ಬರೆಯುವವರು ಎಡವುವ ಇನ್ನೊಂದು ಕಡೆಯಿದೆ. ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಯಾವ ಪುಸ್ತಕ ತೆರೆದರೂ ಲಕ್ಕುಂಡಿ, ರೋಣ, ಬ್ಯಾಡಗಿ, ಹಾನಗಲ್ಲ ಎಲ್ಲವೂ ಧಾರವಾಡ ಜಿಲ್ಲೆಯಲ್ಲೇ ಇರುತ್ತವೆ, ಅಂತರ್ಜಾಲದ ಲೇಖನಗಳಿಗೂ ಹಾಗೆಯೇ ಇಳಿಯುತ್ತವೆ. ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ಧಾರವಾಡ ಸಂಪುಟ 1884ರಲ್ಲಿ ಅಚ್ಚಾದದ್ದು. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುವುದರಿಂದ ಹೊಸ ಬರಹಗಾರರಿಗೆ ಅದರ ಮೇಲೆ ಬಹಳ ಪ್ರೀತಿ. ಅದು ನಿಜಕ್ಕೂ ಅಮೂಲ್ಯ ಗ್ರಂಥವೇ, ಆದರೆ ಅದರಲ್ಲಿನ ಸಂತೆ, ಮಗ್ಗ, ಜನಸಂಖ್ಯೆಯ ವಿವರಗಳನ್ನು ‘ಇಲ್ಲಿ ಇಂತಿಷ್ಟು ಮಗ್ಗಗಳಿವೆ’ ಎಂದು ವರ್ತಮಾನ ಕಾಲದಲ್ಲಿ ಬರೆದುಬಿಟ್ಟರೆ ನೂರನಲವತ್ತು ವರ್ಷಗಳ ಹಿಂದಿನ ಬೆಟಗೇರಿ ಇವತ್ತಿನ ಬೆಟಗೇರಿಯಾಗಿ ಓದುಗರ ಎದುರು ನಿಲ್ಲುತ್ತದೆ. ಇನ್ನು ಕೆಲವರು ಉಲ್ಟಾ ತಪ್ಪು ಮಾಡುತ್ತಾರೆ. ಪಂಡಿತ ಪುಟ್ಟರಾಜ ಗವಾಯಿಗಳು 1914ರಲ್ಲಿ ‘ಹಾವೇರಿ ಜಿಲ್ಲೆ’ಯ ದೇವಗಿರಿಯಲ್ಲಿ ಜನಿಸಿದರೆಂದು ಬರೆಯುತ್ತಾರೆ, ಅಲ್ಲಿ ‘ಈಗಿನ’ ಎಂಬ ಒಂದು ಮಾತು ಸೇರಬೇಕು. ಇಂಥವು ಓದುವ ಇನ್ನೊಬ್ಬರಿಗೆ ಅರೆಗಳಿಗೆಯಲ್ಲಿ ಕಾಣುತ್ತವೆ, ಹೆಚ್ಚು ಹೇಳಬೇಕಿಲ್ಲ.

ಹೆಚ್ಚು ಹೇಳಬೇಕಾದದ್ದು ‘ಮೊದಲ’, ‘ಏಕೈಕ’, ‘ಅತಿ ದೊಡ್ಡ’ ಎಂಬ ಮಾತುಗಳ ಬಗ್ಗೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸ್ಥಾಪನೆಯಾದ ಸಹಕಾರಿ ಸಂಘವನ್ನು ‘ಏಷ್ಯಾ ಖಂಡದ ಮೊಟ್ಟಮೊದಲ ಸಹಕಾರಿ ಸಂಘ’ ಎಂದು ಭಾಷಣಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಪತ್ರಿಕೆಗಳಲ್ಲಿ ಎಲ್ಲೆಡೆ ಓದುತ್ತೇವೆ. ಅದರ ಕುರಿತ ಕರಡೊಂದರಲ್ಲೂ ಮೊದಲ ವಾಕ್ಯವೇ ಅದಾಗಿತ್ತು. ಸಹಕಾರಿ ಕ್ಷೇತ್ರದಲ್ಲಿ ಕೆಲಸ ಮಾಡಿ ನಿವೃತ್ತರಾದ ಗೆಳೆಯರು ಅದನ್ನು ಓದಿ ಎರಡು ಪ್ರಶ್ನೆ ಹಾಕಿದರು. ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಅದಕ್ಕೂ ಮುಂಚೆ, ಯಾವ ಕಾಯ್ದೆಯೂ ಇಲ್ಲದಾಗಲೇ, 1889ರಲ್ಲಿ ಬರೋಡೆಯಲ್ಲಿ ಅನ್ಯೋನ್ಯ ಸಹಕಾರಿ ಮಂಡಳಿ ಶುರುವಾಗಿತ್ತಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯುವಿರೋ ಬಿಡುವಿರೋ? ಜಪಾನ್ ಸಹ ಏಷ್ಯಾದಲ್ಲೇ ಇದೆ, ಅಲ್ಲಿ ಸಹಕಾರಿ ಸಂಘಗಳಿಗೆ ಕಾಯ್ದೆ ಆದದ್ದು 1900ರಲ್ಲಿ. ಹಾಗಿರುವಾಗ ಏಷ್ಯಾ ಎಂಬುದಕ್ಕೆ ನಿಮ್ಮ ಬಳಿ ಇರುವ ಆಧಾರ ಯಾವುದು?

ಬರೆದವರಿಗೆ ಮೊದಲು ಬೇಸರವಾಯಿತು. ಕಣಗಿನಹಾಳದ ಹೆಸರನ್ನು ಕುಗ್ಗಿಸಿದಂತಾಗುತ್ತದೆ ಎಂಬುದು ಅವರ ವಾದ. ಕೊನೆಗೆ ಲೇಖನ ಪ್ರಕಟವಾದಾಗ ಮೊದಲ ವಾಕ್ಯದಲ್ಲಿ, 1904ರ ಕಾಯ್ದೆ ಜಾರಿಗೆ ಬಂದ ಮರುವರ್ಷವೇ ರೈತರ ಪತ್ತಿಗಾಗಿ ಹಳ್ಳಿಯೊಂದರಲ್ಲಿ ಹುಟ್ಟಿದ ಸಂಘ ಎಂಬ ಮಾತಿತ್ತು. ಏಷ್ಯಾದ ಮೊದಲನೆಯದೆಂಬ ಖ್ಯಾತಿಯನ್ನು ಅದು ಖ್ಯಾತಿಯೆಂದು ಸ್ಪಷ್ಟಪಡಿಸಿ, ಯಾರು ಹಾಗೆ ಬರೆದಿದ್ದಾರೆಂಬುದನ್ನು ಸೇರಿಸಿ, ಮುಂದೊಂದು ಕಡೆ ಕೊಟ್ಟಿದ್ದರು. ಜೊತೆಗೆ ಪ್ರಶ್ನೆ ಕೇಳಿದ ಗೆಳೆಯರ ಒತ್ತಾಯಕ್ಕೆ, ಆ ಕಾಲದ ರೈತ ಸಾಹುಕಾರರ ಬಡ್ಡಿಗೆ ಹೇಗೆ ಸಿಕ್ಕಿಕೊಳ್ಳುತ್ತಿದ್ದ, ಹೊಣೆಯನ್ನು ಸದಸ್ಯರೆಲ್ಲ ಹಂಚಿಕೊಂಡು ಸಾಲ ಕೊಡುವ ಸಂಘ ಅದಕ್ಕಿಂತ ಹೇಗೆ ಭಿನ್ನ ಎಂಬ ಪ್ಯಾರಾ ಸೇರಿತು. ನನ್ನ ಮಟ್ಟಿಗೆ ಕಣಗಿನಹಾಳದ ಹಿರಿಮೆ ಆ ಪ್ಯಾರಾದಲ್ಲಿ ಕಂಡಷ್ಟು ‘ಮೊಟ್ಟಮೊದಲ’ ಎಂಬ ಬಿರುದಿನಲ್ಲಿ ಕಾಣುವುದಿಲ್ಲ.

ಹಾಗೆಂದು ‘ಅತಿ’ ಎಂಬುದನ್ನೆಲ್ಲ ಕಂಡಲ್ಲಿ ಕತ್ತರಿಸುವ ಹಟವೂ ಸಲ್ಲದು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಎನಿಸಿದ್ದ ಗೋರಖಪುರದ್ದು 1,366 ಮೀಟರ್. ಅಳತೆ ಇದೆ, ದಿನಾಂಕ ಇದೆ, ಹೋಲಿಸಲು ಹಿಂದಿನದರ ಅಳತೆಯೂ ಇದೆ. ಇಲ್ಲಿ ಓದುವವರು ಕೊಡಬಹುದಾದ ಸಲಹೆ ಒಂದೇ: ಉದ್ಘಾಟನೆಯ ವರ್ಷವನ್ನು ಆ ವಾಕ್ಯದೊಳಗೇ ಇಡಿ, ನಾಳೆ ಬೇರೆಲ್ಲೋ ಇದಕ್ಕಿಂತ ಉದ್ದದ್ದು ಬಂದರೂ ವಾಕ್ಯ ಸುಳ್ಳಾಗದಿರಲಿ. ಮಾಡಲು ಇಷ್ಟು ಸಣ್ಣ ಕೆಲಸ.

ಭಕ್ತಿಯ ಭಾಷೆಯನ್ನು ತಿದ್ದುವುದು ಇವೆಲ್ಲಕ್ಕಿಂತ ಕಷ್ಟ. ಪುಟ್ಟರಾಜ ಗವಾಯಿಗಳ ಬಗ್ಗೆ ಗದಗಿನವರು ಬರೆಯಲು ಕುಳಿತರೆ ವಿಶೇಷಣಗಳು ತಾವಾಗಿ ಸಾಲುಗಟ್ಟುತ್ತವೆ, ನನಗೂ ಅದು ತಿಳಿಯದ್ದಲ್ಲ. ಅಭಿನಂದನ ಗ್ರಂಥಕ್ಕೆ ಅದು ಒಪ್ಪುತ್ತದೆ. ಸಂಗೀತದ ಗಂಧವೇ ಇಲ್ಲದ, ಗದಗನ್ನು ಕಂಡೇ ಇಲ್ಲದ ಓದುಗ ಮಂಗಳೂರಿನಲ್ಲೋ ದಾವಣಗೆರೆಯಲ್ಲೋ ಕುಳಿತು ವಿಶ್ವಕೋಶದ ಲೇಖನ ತೆರೆದಾಗ ‘ನಡೆದಾಡುವ ದೇವರು’ ಎಂಬ ಮಾತಿನಿಂದ ಅವನಿಗೆ ಏನೂ ತಿಳಿಯುವುದಿಲ್ಲ. ಎಳೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು, ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತು, 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, ಅಂಧ ಮಕ್ಕಳಿಗೂ ಅನಾಥ ಮಕ್ಕಳಿಗೂ ಊಟ, ವಸತಿ, ಸಂಗೀತ ಮೂರನ್ನೂ ಕೊಟ್ಟರು, ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥ ರಚಿಸಿದರು, 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷದ ಸೆಪ್ಟೆಂಬರ್ 17ರಂದು ತೀರಿಕೊಂಡರು ಎಂಬ ವಿವರಗಳನ್ನು ಒಂದಾದ ಮೇಲೊಂದು ಇಟ್ಟರೆ ಗೌರವ ತಾನಾಗಿ ಮೂಡುತ್ತದೆ. ನಮ್ಮ ಗುಂಪಿನಲ್ಲಿ ಇಂಥ ಲೇಖನವನ್ನು ಓದಿದವರು ವಿಶೇಷಣಗಳ ಕೆಳಗೆ ಗೆರೆ ಎಳೆದು, ಪ್ರತಿಯೊಂದರ ಪಕ್ಕ ‘ಇದರ ಬದಲು ಅವರು ಮಾಡಿದ ಕೆಲಸವೊಂದನ್ನು ಹೇಳಿ’ ಎಂದು ಬರೆದಿದ್ದರು. ಬರೆದವರಿಗೆ ಪುಣ್ಯಾಶ್ರಮದ ದಿನಚರಿಯ ಬಗ್ಗೆ ಎಷ್ಟೆಲ್ಲ ಗೊತ್ತಿತ್ತು, ಅದರಲ್ಲಿ ಎಷ್ಟು ಸ್ವಲ್ಪವನ್ನು ಲೇಖನಕ್ಕೆ ತಂದಿದ್ದರು ಎಂಬುದು ಆಮೇಲೆಯೇ ತಿಳಿಯಿತು.

ಓದುವವರು ಎಂಥವರಿರಬೇಕು ಎಂಬ ಪ್ರಶ್ನೆ ಸಹಜ. ವಿಷಯ ಬಲ್ಲವರೊಬ್ಬರು ಬೇಕೇಬೇಕು, ಇಲ್ಲದಿದ್ದರೆ ಶಕವರ್ಷದ ಸಂದೇಹ ಹುಟ್ಟುವುದೇ ಇಲ್ಲ. ಆದರೆ ವಿಷಯ ಸ್ವಲ್ಪವೂ ಗೊತ್ತಿಲ್ಲದವರೊಬ್ಬರೂ ಬೇಕೆಂಬುದು ನನ್ನ ಅನುಭವ. ಲಕ್ಕುಂಡಿಯ ಬಾವಿಗಳ ಲೇಖನವನ್ನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಗೆಳೆಯರೊಬ್ಬರಿಗೆ ಕೊಟ್ಟಾಗ ಅವರು ಶಿಲ್ಪದ ತಂಟೆಗೇ ಹೋಗದೆ, “ಅಷ್ಟು ಪಾವಟಿಗೆ ಇಳಿದ ಮ್ಯಾಲೆ ಈಗ ಅಲ್ಲಿ ನೀರ ಐತೋ ಇಲ್ಲೋ, ಅದನ್ನ ಬರದೇ ಇಲ್ಲಲ್ರಿ” ಎಂದರು. ದೇವಕೋಷ್ಠ, ಕಮಾನುಗಳ ವರ್ಣನೆಯಲ್ಲಿ ಮುಳುಗಿದ್ದ ಲೇಖಕರಿಗೂ ಅದನ್ನು ಮೆಚ್ಚಿಕೊಂಡಿದ್ದ ನಮಗೂ ಬಾವಿಯ ಲೇಖನದಲ್ಲಿ ನೀರಿನ ಮಾತೇ ಇಲ್ಲವೆಂಬುದು ತೋಚಿರಲಿಲ್ಲ. ಅದೇ ಗೆಳೆಯರು ಬ್ಯಾಡಗಿ ಮೆಣಸಿನಕಾಯಿಯ ಲೇಖನ ಓದುವಾಗ ಮಾತ್ರ ವಿಷಯತಜ್ಞರಾಗುತ್ತಾರೆ. ಡಬ್ಬಿ, ಕಡ್ಡಿ ಎಂಬವು ಆ ಮೆಣಸಿನಕಾಯಿಯ ಎರಡು ಬಗೆಗಳು; ಡಬ್ಬಿಯ ಗುಣವನ್ನು ಕಡ್ಡಿಗೆ, ಕಡ್ಡಿಯದನ್ನು ಡಬ್ಬಿಗೆ ಅಂಟಿಸಿ ಬರೆದರೆ ಅವರ ಕೈಯಿಂದ ಪಾರಾಗುವುದು ಸಾಧ್ಯವಿಲ್ಲ.

ನೀರಿನ ಪ್ರಶ್ನೆ ಇನ್ನೊಂದು ತೊಡಕನ್ನೂ ಎದುರಿಗಿಟ್ಟಿತು. ಲೇಖಕರು ಲಕ್ಕುಂಡಿಗೆ ಹೋಗಿ ಕಣ್ಣಾರೆ ನೋಡಿ ಬಂದರು, ಆದರೆ ‘ನಾನು ನೋಡಿದೆ’ ಎಂಬುದು ವಿಕಿಪೀಡಿಯದಲ್ಲಿ ಆಧಾರವಾಗುವುದಿಲ್ಲ. ಸ್ವಂತ ಸಂಶೋಧನೆಯನ್ನು ಅಲ್ಲಿ ಪ್ರಕಟಿಸುವಂತಿಲ್ಲ. ಬೇರೊಂದು ಕಡೆ ಪ್ರಕಟವಾದ, ಓದುಗರು ಪರೀಕ್ಷಿಸಬಹುದಾದ ಮೂಲ ಬೇಕು. ದಿನಾಂಕ ಸಹಿತ ಛಾಯಾಚಿತ್ರವನ್ನು ಸೇರಿಸಬಹುದು, ನೀರಿನ ಕುರಿತು ಪತ್ರಿಕೆಯ ವರದಿ ಸಿಕ್ಕರೆ ಅದನ್ನು ಉಲ್ಲೇಖಿಸಬಹುದು. ಈ ನಿಯಮವನ್ನು ಹೊಸಬರಿಗೆ ತಿಳಿಹೇಳಬೇಕಾದವರೂ ಸಹಬರಹಗಾರರೇ. ಇಲ್ಲವಾದರೆ ತಾವು ಕಷ್ಟಪಟ್ಟು ಬರೆದದ್ದನ್ನು ಅಪರಿಚಿತರಾರೋ ಒಂದು ಒತ್ತಿಗೆ ಅಳಿಸಿಹಾಕಿದರೆಂದು ಮುನಿಸಿಕೊಂಡು ಬರೆಯುವುದನ್ನೇ ಬಿಡುವವರು ಹಲವರು.

ಹೇಳುವ ರೀತಿಯ ಬಗ್ಗೆಯೂ ಒಂದೆರಡು ಮಾತು. ‘ಲೇಖನ ಇನ್ನೂ ಆಳವಾಗಬೇಕಿತ್ತು’ ಎಂಬ ಪ್ರತಿಕ್ರಿಯೆಯಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಪ್ಯಾರಾ, ಯಾವ ವಾಕ್ಯ, ಏನು ಸಂದೇಹ, ಎಲ್ಲಿ ನೋಡಿದರೆ ಪರಿಹಾರ ಸಿಕ್ಕೀತು ಎಂದು ಹೇಳಿದರೆ ಮಾತ್ರ ತಿದ್ದಲು ಬರುತ್ತದೆ. ಧಾರವಾಡದಲ್ಲಿ 1939ರಿಂದ ಇರುವ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳನ್ನು ನೋಡಿ ಎಂದು ಬರೆದ ಒಂದು ಸಾಲು ಎಷ್ಟೋ ಹೊಗಳಿಕೆಗಿಂತ ಹೆಚ್ಚು ಉಪಕಾರ ಮಾಡುತ್ತದೆ. ಇನ್ನು ಕೆಲವು ಹಿರಿಯರು ಸಲಹೆ ಕೇಳಿದರೆ ಇಡೀ ಲೇಖನವನ್ನು ತಮ್ಮ ಶೈಲಿಗೆ ಬದಲಿಸಿ ಕೊಡುತ್ತಾರೆ. ಉದ್ದೇಶ ಒಳ್ಳೆಯದೇ ಆದರೂ ಬರೆದವರು ಅದರಿಂದ ಕಲಿಯುವುದೇನೂ ಇಲ್ಲ, ಮುಂದಿನ ಲೇಖನದಲ್ಲಿ ಅದೇ ತಪ್ಪು ಮರಳುತ್ತದೆ. ಬರೀ ಒತ್ತಕ್ಷರ, ದೀರ್ಘಗಳನ್ನು ತಿದ್ದಿ ಮುಗಿಸುವವರೂ ಇದ್ದಾರೆ. ಅದೂ ಬೇಕಾದ ಕೆಲಸವೇ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯಂಕಿಯನ್ನು ಒತ್ತಿದ ‘ಲಕ್ಕು೦ಡಿ’ ಕಣ್ಣಿಗೆ ಸರಿಯಾಗಿಯೇ ಕಂಡರೂ ಹುಡುಕಿದಾಗ ಸಿಗದಿರಬಹುದು. ಇದನ್ನು ಪತ್ತೆ ಹಚ್ಚುವ ಚುರುಕುಗಣ್ಣಿನವರನ್ನು ಕಡೆಗಣಿಸಬಾರದು. ಸ್ಮರಣ ಸಂಚಿಕೆಯಿಂದಲೋ ಈಚಿನ ಪುಸ್ತಕದಿಂದಲೋ ಪ್ಯಾರಾಗಟ್ಟಲೆ ಎತ್ತಿಟ್ಟಿದ್ದರೆ ಅದನ್ನೂ ಓದುವವರೇ ಗುರುತಿಸಿ ಹೇಳಬೇಕು. ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆಯುವವರೆಗೆ ನಮ್ಮ ದೇಶದಲ್ಲಿ ಬರಹದ ಹಕ್ಕು ಅವರ ವಾರಸುದಾರರದು.

ಅಭಿಪ್ರಾಯ ಹೇಳುವವರು ಅದನ್ನು ಚರ್ಚೆ ಪುಟದಲ್ಲೇ ಬರೆಯಬೇಕೆಂದು ನಾನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆಯವರು ಮರ್ಯಾದಸ್ಥರು, ನಾಲ್ಕು ಜನರೆದುರು ತಪ್ಪು ಎತ್ತಿ ಆಡುವುದು ಸರಿಯಲ್ಲವೆಂದು ರಾತ್ರಿ ಫೋನ್ ಮಾಡಿ ಮೆಲ್ಲಗೆ ತಿಳಿಸುತ್ತಾರೆ. ಲೇಖನ ತಿದ್ದುಪಡಿಯಾಗುತ್ತದೆ, ಕಾರಣ ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಆರು ತಿಂಗಳಾದ ಮೇಲೆ ಹಳೆಯ ಪುಸ್ತಕ ಹಿಡಿದ ಬೇರೊಬ್ಬರು ಬಂದು ಲಕ್ಕುಂಡಿಯನ್ನು ಮತ್ತೆ ಧಾರವಾಡ ಜಿಲ್ಲೆಗೆ ಸೇರಿಸಿ ಹೋಗುತ್ತಾರೆ. ಭಾರತರತ್ನ ಭೀಮಸೇನ ಜೋಶಿಯವರ ಹುಟ್ಟೂರನ್ನು ಕೆಲವು ಕಡೆ ಗದಗ ಎಂದೂ ಕೆಲವು ಕಡೆ ರೋಣ ಎಂದೂ ಬರೆದಿರುತ್ತಾರೆ. ಇಂಥಲ್ಲಿ ಎರಡೂ ಹೇಳಿಕೆಗಳನ್ನು ಅವುಗಳ ಮೂಲದೊಂದಿಗೆ ಕೊಡಬೇಕೆಂದು ಒಮ್ಮೆ ಚರ್ಚಿಸಿ ಬರೆದಿಟ್ಟರೆ, ಮುಂದೆ ಬಂದವರು ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಹಗ್ಗಜಗ್ಗಾಟ ನಿಲ್ಲುತ್ತದೆ.

ಬರೆದದ್ದನ್ನು ಗೆಳೆಯರ ಮುಂದೆ ಓದಿ, ಬೈಸಿಕೊಂಡು, ತಿದ್ದುವುದು ಧಾರವಾಡದ ನೆಲಕ್ಕೆ ಹೊಸದೇನೂ ಅಲ್ಲ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪಿನ ಮಾತನ್ನು ಎಲ್ಲರೂ ಆಡುತ್ತಾರೆ. 1933ರಲ್ಲಿ ಶುರುವಾದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಜಿ.ಬಿ. ಜೋಶಿಯವರ ಜೊತೆ, ಗದಗಿನಲ್ಲಿ ಹುಟ್ಟಿದ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಹಸ್ತಪ್ರತಿಗಳನ್ನು ಓದುತ್ತಿದ್ದರೆಂಬುದೂ ತಿಳಿದದ್ದೇ. ಇವನ್ನು ನೆನೆದು ಹೆಮ್ಮೆಪಡುವ ಭಾಷಣಗಳಿಗೆ ನಮ್ಮಲ್ಲಿ ಬರವಿಲ್ಲ, ಆದ್ದರಿಂದ ನಾನು ಅದನ್ನು ಬೆಳೆಸುವುದಿಲ್ಲ.

ಕಾಲೇಜುಗಳವರಲ್ಲಿ ನನ್ನದೊಂದು ಬಿನ್ನಹ. ವಿಕಿಪೀಡಿಯ ಬರವಣಿಗೆಗೆ ಅಂಕ ಕೊಡುವ ಕಡೆಗಳಲ್ಲಿ ಎಷ್ಟು ಲೇಖನ ಎಂದು ಎಣಿಸಿ ಅಂಕ ಕೊಡಬೇಡಿ. ಹಾಗೆ ಎಣಿಸಿದಲ್ಲೆಲ್ಲ ನಾಲ್ಕು ಸಾಲಿನ, ಆಧಾರವಿಲ್ಲದ, ಆಮೇಲೆ ಯಾರೂ ತಿರುಗಿ ನೋಡದ ಪುಟಗಳು ಹುಟ್ಟುತ್ತವೆ. ಪ್ರತಿ ವಿದ್ಯಾರ್ಥಿ ಒಂದು ಲೇಖನ ಬರೆಯಲಿ, ಸಹಪಾಠಿಗಳ ಎರಡು ಲೇಖನಗಳನ್ನು ಓದಿ ಚರ್ಚೆ ಪುಟದಲ್ಲಿ ಪ್ರಶ್ನೆ ಹಾಕಲಿ. ಪ್ರಶ್ನೆಗಳ ಗುಣಕ್ಕೂ ಅಂಕವಿರಲಿ. ಕರಡನ್ನು ಮೊದಲು ‘ಪ್ರಯೋಗಪುಟ’ದಲ್ಲಿಟ್ಟು ಈ ಓದು ಮುಗಿದ ಮೇಲೆ ಪ್ರಕಟಿಸುವ ಅನುಕೂಲವೂ ಅಲ್ಲಿದೆ. ಇದಕ್ಕೆ ಹೊಸ ಯಂತ್ರ, ಅನುದಾನ ಯಾವುದೂ ಬೇಕಾಗಿಲ್ಲ.

ಇನ್ನು ಪತ್ರಿಕೆಯವರಾದ ತಮ್ಮಲ್ಲಿ ಕೇಳಿಕೊಳ್ಳಬೇಕಾದದ್ದು. ನಮ್ಮ ಊರುಗಳ ಕುರಿತ ಲೇಖನಗಳಿಗೆ ಜಿಲ್ಲಾ ಪುಟದ ವರದಿಗಳೇ ಮುಖ್ಯ ಆಧಾರ; ಪುಸ್ತಕಗಳಲ್ಲಿ ಬಾರದ ಜಾತ್ರೆ, ಕೆರೆಯ ಹೂಳು, ಸಂಘದ ಶತಮಾನೋತ್ಸವ ಇವೆಲ್ಲ ಅಲ್ಲಿಯೇ ಸಿಗುವುದು. ಆದರೆ ಒಮ್ಮೊಮ್ಮೆ ಅವಸರದಲ್ಲಿರುವ ವರದಿಗಾರರು ವಿಕಿಪೀಡಿಯದ ಆಧಾರರಹಿತ ವಾಕ್ಯವನ್ನೇ ಎತ್ತಿ ವರದಿಯಲ್ಲಿ ಬಳಸುತ್ತಾರೆ. ಮರುವಾರ ವಿಕಿಪೀಡಿಯದವರು ಆ ವರದಿಯನ್ನೇ ಆಧಾರವೆಂದು ಅದೇ ವಾಕ್ಯದ ಕೆಳಗೆ ಅಂಟಿಸುತ್ತಾರೆ. ಒಂದೇ ತಪ್ಪು ತನಗೆ ತಾನೇ ಸಾಕ್ಷಿ ಹೇಳಿದಂತಾಗುತ್ತದೆ. ಎಷ್ಟು ಎಚ್ಚರದ ಓದುಗರೂ ಇದನ್ನು ಹಿಡಿಯುವುದು ಕಷ್ಟ. ಆದ್ದರಿಂದ ಊರಿನ ಇತಿಹಾಸ, ಇಸವಿ, ‘ಮೊದಲ’ ಎಂಬ ಹಕ್ಕುಗಳನ್ನು ವರದಿಯಲ್ಲಿ ಬಳಸುವಾಗ ಅದು ಯಾರ ಹೇಳಿಕೆ ಎಂಬುದನ್ನು ವಾಕ್ಯದಲ್ಲೇ ಬರೆಯುವಂತೆ ತಮ್ಮ ವರದಿಗಾರರಿಗೆ ಸೂಚಿಸಬೇಕು. ಜಾಲತಾಣದಲ್ಲಿ ವರದಿಯನ್ನು ತಿದ್ದಿದರೆ ಯಾವಾಗ ಏನು ತಿದ್ದಲಾಯಿತು ಎಂಬ ಒಂದು ಸಾಲು ಅದರ ಕೆಳಗೆ ಉಳಿಯಬೇಕು. ಜಾಲತಾಣದ ವಿನ್ಯಾಸ ಬದಲಾದಾಗ ಹಳೆಯ ಕೊಂಡಿಗಳು ಸತ್ತುಹೋಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಅಂಥ ಒಂದು ಕೊಂಡಿ ಕಡಿದರೆ ಅದನ್ನು ನೆಚ್ಚಿ ಬರೆದ ವಾಕ್ಯ ಆಧಾರವಿಲ್ಲದ ವಾಕ್ಯಗಳ ಸಾಲಿಗೆ ಮರಳುತ್ತದೆ. ಜಿಲ್ಲಾ ಪುಟದಲ್ಲಿ ಕಂಡ ತಪ್ಪುಗಳನ್ನೂ ತೆರೆಯದ ಹಳೆಯ ಕೊಂಡಿಗಳನ್ನೂ ಓದುಗರು ತಿಳಿಸಲು ಇಮೇಲ್ ವಿಳಾಸವೊಂದನ್ನು ಪುಟದ ಅಡಿಯಲ್ಲಿ ದಿನವೂ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಬೆಟಗೇರಿ, ಗದಗ